ಒಂದೇ ಗುಂಡಿ

ಮನುಷ್ಯರಿಗೆ ನಿದ್ದೆ ತಾನಾಗಿ ಬರುವುದು ನಿಂತ ಮೇಲೆ ರಾಣೆಬೆನ್ನೂರಿಗೂ ನಿದ್ದೆ ಮಾರುವ ಕಂಪನಿಯೊಂದರ ಅಂಗಡಿ ಬಂದಿತ್ತು. ನೀಲವ್ವ ಗಂಡನನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಅಲ್ಲಿಗೆ ಬಂದಳು. ಸೋಮವಾರ ನಿದ್ದೆ ಹಾಕಿಸಿಕೊಂಡವನು ಗುರುವಾರವಾದರೂ ಎದ್ದಿರಲಿಲ್ಲ. ಅಂಗಡಿಯ ಮುಂದೆ ಬೇವಿನ ನೆರಳಿನಲ್ಲಿ ಅಂಥವೇ ಗಾಡಿಗಳು ಸಾಲಾಗಿ ನಿಂತಿದ್ದವು. ಮಲಗಿದವರ ಮೇಲಿನ ನೊಣಗಳನ್ನು ಮನೆಯವರು ಓಡಿಸುತ್ತಿದ್ದರು. ನೀಲವ್ವ ತನ್ನ ಗಾಡಿಯನ್ನೂ ಅಲ್ಲೇ ನಿಲ್ಲಿಸಿ ಒಳಗೆ ಹೋದಳು.

“ನಮ್ಮನಿಯವರನ್ನ ಎಬ್ಬಿಸಪಾ,” ಎಂದಳು ನೀಲವ್ವ.

ಅಂಗಡಿಯ ಫ್ರಾಂಚೈಸಿ ಹಿಡಿದಿದ್ದ ಗುರುಸಿದ್ದ ನಿದ್ದೆ ಹಾಕುವ ಯಂತ್ರವನ್ನು ಅವಳತ್ತ ತಿರುಗಿಸಿದ. ಅದಕ್ಕೆ ಇದ್ದದ್ದು ಒಂದೇ ಗುಂಡಿ. “ಮಲಗಿಸೋದಷ್ಟ ನಮಗ ಕೊಟ್ಟಾರ್ರಿ ಅಕ್ಕಾರ. ಎಬ್ಬಿಸೋದು ಹೆಡ್ ಆಫೀಸಿಂದು.”

“ಫೋನ್ ಹಚ್ಚು ಮತ್ತ.”

“ಅವರೇ ಹಚ್ತಾರ್ರಿ. ನಾವು ಹಚ್ಚಾಕ ನಂಬರ್ ಕೊಟ್ಟಿಲ್ಲ.”

“ಆ ಆಫೀಸ್ ಎಲ್ಲೈತಿ?”

“ನಾನೂ ನೋಡಿಲ್ರಿ.” ಅವನು ಅವಳ ಕೆಂಪಾದ ಕಣ್ಣುಗಳನ್ನು ನೋಡಿದ. “ನೀವು ಸೋಮವಾರದಿಂದ ಮಲಗಿಲ್ಲಲ್ರಿ? ಹಿಂಗಾದ್ರ ಜೀವ ಉಳಿಯಂಗಿಲ್ಲ. ನಿಮಗೂ ಹಾಕ್ಲೇನು?”

ನೀಲವ್ವ ಗೋಡೆ ಹಿಡಿದುಕೊಂಡಳು. ಹೊರಗೆ ನೊಣ ಓಡಿಸುತ್ತಿದ್ದ ಕೈಗಳು ಒಂದೊಂದಾಗಿ ನಿಧಾನವಾಗುತ್ತಿದ್ದವು.

“ಯಂತ್ರ ಹೊರಗ ತಗೊಂಡ ಬಾರಪಾ,” ಎಂದವಳೇ ನೆರಳಿಗೆ ನಡೆದಳು. ಗಾಡಿಯಲ್ಲಿ ಗಂಡನನ್ನು ಮೆಲ್ಲಗೆ ಮಗ್ಗುಲಿಗೆ ಸರಿಸಿ, ತನಗೊಂದಿಷ್ಟು ಜಾಗ ಮಾಡಿಕೊಂಡಳು.