ಗಟ್ಟಿಮೇಳದ ಹೊತ್ತಿಗೆ ಸಡಿಲಾದ ಹಲ್ಲು

ಮೈತೂಕ ಅರ್ಧ ಕಿಲೋ ಏರಿದರೂ ಹಲ್ಲು ಸಡಿಲವಾಗುತ್ತಿದ್ದ ಕಾಲವದು. ಬೆವರು ಹರಿಸಿ ಇಳಿಸಿದರೆ ಮತ್ತೆ ಗಟ್ಟಿ. ಅದಕ್ಕೇ ವಾಲಗದವರು ತಾಳಿ ಕಟ್ಟುವ ತನಕ ತಿಂಡಿ ಮುಟ್ಟುತ್ತಿರಲಿಲ್ಲ. ಆವತ್ತು ಮದುಮಗಳ ಅಜ್ಜಿ ತಿಮ್ಮಕ್ಕ ಬಿಡಲಿಲ್ಲ.

"ತಿನ್ನೋ ಮಾರಾಯ, ಕಡ್ಡಿ ಆಗಿದ್ದೀಯ" ಎಂದು ನಾಗಸ್ವರದ ಪುಟ್ಟರಂಗನಿಗೆ ಆರು ಸೌಟು ಕೇಸರಿಬಾತ್ ಬಡಿಸಿ, ತಾನೂ ತಿಂದಳು.

ಮುಹೂರ್ತಕ್ಕೆ ಹತ್ತು ನಿಮಿಷವಿತ್ತು. ಪುಟ್ಟರಂಗ ಊದಿದರೆ ಮುಂದಿನ ಹಲ್ಲು ಅಲುಗಿ ಬರೀ ಗಾಳಿ ಬಂತು.

"ಗಟ್ಟಿಮೇಳ ಇಲ್ದೆ ತಾಳಿ ಕಟ್ಟೋಕಾಗುತ್ತೇನೋ? ಓಡು!" ಎಂದ ಡೋಲಿನ ಬಸವಲಿಂಗ.

ಪುಟ್ಟರಂಗ ಛತ್ರವನ್ನು ಮೂರು ಸುತ್ತು ಓಡಿದ. ಹಲ್ಲು ಗಟ್ಟಿಯಾಯಿತು. ನಿಂತರೆ ಮತ್ತೆ ಸಡಿಲವಾದೀತೆಂದು ಓಡುತ್ತಲೇ ಗಟ್ಟಿಮೇಳ ಊದಿದ. ತಾಳಿ ಕಟ್ಟಿದ್ದಾಯಿತು. ತಿರುಗಿ ನೋಡಿದರೆ ಬೀಗರೆಲ್ಲ ಅಕ್ಷತೆ ಎಸೆಯುತ್ತ ಹಿಂದೆಯೇ ಓಡಿಬರುತ್ತಿದ್ದರು.

"ನಿಲ್ಲಿಸ್ಬೇಡ ಕಣೋ," ತಿಮ್ಮಕ್ಕ ಏದುಸಿರಿನಲ್ಲಿ ಕೂಗಿದಳು, "ನಂದಿನ್ನೂ ಅಲುಗ್ತಾ ಇದೆ!"