ಪಕ್ಕದ ಸೀಟಿನ ಟವೆಲ್

ಮಸ್ಕಿಯಲ್ಲಿ ಯಾರೋ ಬೇಕೆಂದೇ ತನ್ನ ಪಕ್ಕದ ಸೀಟನ್ನು ಖಾಲಿ ಇಡಿಸುತ್ತಿದ್ದಾರೆ ಎಂಬುದರಲ್ಲಿ ಹುಸೇನಪ್ಪನಿಗೆ ಅನುಮಾನವೇ ಉಳಿದಿರಲಿಲ್ಲ.

ಸಿಂಧನೂರಿನ ಆಫೀಸಿನಿಂದ ಲಿಂಗಸುಗೂರಿನ ಮನೆಗೆ ದಿನಾ ಅದೇ ಸಂಜೆಯ ಖಾಸಗಿ ಬಸ್ಸು, ಅದೇ ಕಿಟಕಿಯ ಸೀಟು. ಮಸ್ಕಿಯಲ್ಲಿ ಜನ ನುಗ್ಗಿ ಹತ್ತುತ್ತಾರೆ. ಎಂಜಿನ್ನಿನ ಮೇಲೂ ಕೂರುತ್ತಾರೆ. ಅವನ ಪಕ್ಕಕ್ಕೆ ಯಾರಾದರೂ ಬಂದರೆ ಕಂಡಕ್ಟರು ಫೋನ್ ನೋಡಿಕೊಂಡು ಹಿಂದೆ ಕಳಿಸುತ್ತಾನೆ. ಹೆಂಡತಿ ಬಿಟ್ಟುಹೋದವನ ಪಕ್ಕ ಕೂತರೆ ಯಾರ ಗಂಟೇನು ಹೋಗುತ್ತದೆ? ಪಂಪಾವತಿಯ ತವರು ಮಸ್ಕಿ. ಊರಿಗೆ ಊರೇ ಅವಳ ಕಡೆ. ಮನೆಯಲ್ಲೂ ಒಬ್ಬನೇ, ಬಸ್ಸಿನಲ್ಲೂ ಒಬ್ಬನೇ. ಕೆಲವು ಸಂಜೆ ಅವನಿಗೆ ಅಳುವೇ ಬಂದುಬಿಡುತ್ತಿತ್ತು.

ಆ ಬಸ್ಸುಗಳ ಬುಕಿಂಗ್ ಸಾಫ್ಟ್‌ವೇರ್ ಬರೆದವನು ಅವನೇ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮ ಜನಕ್ಕೆಂದೇ ಅದರಲ್ಲಿ 'ಟವೆಲ್' ಎಂಬ ಗುಂಡಿ ಇಟ್ಟಿದ್ದ. ಒತ್ತಿದರೆ ಮುಂದಿನ ಊರಲ್ಲಿ ಹತ್ತುವವರಿಗೆ ಸೀಟು ಉಳಿಯುತ್ತದೆ. ಅವರಿಗೆ ಬಸ್ಸು ತಪ್ಪಿದರೆ ಟವೆಲ್ ತಾನಾಗಿ ಮರುದಿನದ ಬಸ್ಸಿಗೆ ಹೋಗುತ್ತದೆ. ತೆಗೆಯುವುದಾದರೆ ಹಾಕಿದವರೇ ತೆಗೆಯಬೇಕು. ಇನ್ನೊಬ್ಬರ ಟವೆಲ್ ಎತ್ತುವ ಧೈರ್ಯ ನಮ್ಮ ಕಡೆ ಯಾರಿಗಿದೆ? ಸಾಫ್ಟ್‌ವೇರ್ ಶುರುವಾದ ವಾರವೇ ಪಂಪಾವತಿ ಪಂಚಮಿಗೆಂದು ತವರಿಗೆ ಹೋದಳು. ತಿರುಗಿ ಬರುವ ದಿನ ಫೋನಿನಲ್ಲಿ ಜಗಳವಾಗಿ ಅಲ್ಲೇ ಉಳಿದಳು.

ಈಗ ಸರ್ವರಿನ ಮೆಮೊರಿ ಮೇಲಿಂದ ಮೇಲೆ ತುಂಬಿ, ಕೌಂಟರುಗಳು ನಿಂತುಹೋಗುತ್ತಿದ್ದವು. ಮಾಲೀಕ ಬಸವಂತರಾಯ ಕೆಂಡವಾಗಿದ್ದ.

"ಮಸ್ಕಿ ಕೌಂಟರಿನಾಕಿ ತನ್ನ ಮಂದಿಗೆ ಸೀಟ್ ಹಿಡಿದು ಇಡಾಕತ್ತಾಳ. ಸಂಜೀಕ ಖಾತ್ರಿ ಮಾಡಿ ಹೆಸರು ಹೇಳು. ಆಕೀನ ಆದ್ರ ನಾಳಿಂದ ಮನಿಗೆ."

ಕೌಂಟರಿನವಳು ದಾನೇಶ್ವರಿ, ಪಂಪಾವತಿಯ ಬಾಲ್ಯದ ಗೆಳತಿ. ಅವಳ ಕೆಲಸ ಹೋದರೆ ಹೋಗಲಿ ಎನಿಸಿತು ಹುಸೇನಪ್ಪನಿಗೆ.

ಮೆಮೊರಿಯ ನಕ್ಷೆಯನ್ನು ಪರದೆಯ ಮೇಲೆ ತೆರೆದ. ಲಕ್ಷಾಂತರ ಚುಕ್ಕೆಗಳು, ಚುಕ್ಕೆಯಿಂದ ಚುಕ್ಕೆಗೆ ಗೆರೆಗಳು. ಗೆರೆಯಿದ್ದರೆ ಒಂದು ಇನ್ನೊಂದನ್ನು ಹಿಡಿದುಕೊಂಡಿದೆ ಎಂದರ್ಥ. ಯಾರೂ ಹಿಡಿಯದ್ದನ್ನು ಕಂಪ್ಯೂಟರ್ ಗುಡಿಸಿ ಹಾಕುತ್ತದೆ, ಹಿಡಿದದ್ದನ್ನು ಮುಟ್ಟುವುದಿಲ್ಲ. ಒಂದು ಮೂಲೆಯಲ್ಲಿ ಚುಕ್ಕೆಗಳು ಹುಣಸೆಹಣ್ಣಿನ ಉಂಡೆಯಂತೆ ಅಂಟಿಕೊಂಡಿದ್ದವು. ದೊಡ್ಡದು ಮಾಡಿ ನೋಡಿದ. ಅವನ ಪಕ್ಕದ ಸೀಟು! ಇಂದಿನ ಟವೆಲ್ ನಿನ್ನೆಯದನ್ನು ಹಿಡಿದಿತ್ತು, ನಿನ್ನೆಯದು ಮೊನ್ನೆಯದನ್ನು. ಒಂದೊಂದರ ಬೆನ್ನಿಗೂ ಆ ದಿನದ ಬಸ್ಸಿನ ಪ್ರಯಾಣಿಕರೆಲ್ಲ ಜೋತುಬಿದ್ದಿದ್ದರು. ಮೆಮೊರಿ ತುಂಬದೆ ಇನ್ನೇನಾದೀತು?

ಹಿಡಿದವರ ಹೆಸರು ಸರಪಳಿಯ ಮೊದಲ ಟವೆಲ್‌ನಲ್ಲಷ್ಟೇ ಇರುತ್ತದೆ, ಆದರೆ ಮಸ್ಕಿ ಕೌಂಟರಿಗೆ ನೇರವಾಗಿ ಕಾಣುತ್ತದೆ. ದಾನೇಶ್ವರಿಗೆ ಫೋನ್ ಮಾಡಿದ.

"ನನ್ನ ಪಕ್ಕದ ಸೀಟ್ ಯಾರು ಹಿಡಿದಾರ?"

"ಅಯ್ಯ, ಅದನ್ನೂ ನನ್ನ ಬಾಯಿಂದ ಹೇಳಸ್ತೀರೇನ್ರೀ? ನಿಮಗ ಗೊತ್ತಿಲ್ಲೇನು?"

"ಪಂಪಾವತಿ ಹೇಳ್ಯಾಳೇನು, ಹಂಗ ಇರಲಿ ಅಂತ?"

"ಆಕಿ ಏನೂ ಹೇಳಿಲ್ರೀ. ದಿನಾ ಸಂಜೀಕ ಬರ್ತಾಳ, ಟವೆಲ್ ಇನ್ನೂ ಐತೇನು ಅಂತ ಕೇಳ್ತಾಳ. ಐತಿ ಅಂದ್ರ ಸುಮ್ಮನ ಹೋಗ್ತಾಳ."

ಹುಸೇನಪ್ಪನ ಮೈಯೆಲ್ಲ ಉರಿಯಿತು. ತಾನು ಒಂಟಿಯಾಗಿ ಕೂತಿರುವುದನ್ನು ದಿನಾ ಖಾತ್ರಿ ಮಾಡಿಕೊಂಡು ಹೋಗುತ್ತಾಳೆ! ಗೆಳತಿಯರಿಬ್ಬರೂ ಸೇರಿ ಆಡಿಸಿದ ಆಟವಿದು. ಫೋನ್ ಕತ್ತರಿಸಿ ಮಾಲೀಕನಿಗೆ ಕರೆ ಮಾಡಿದ. ರಿಂಗಾಗುತ್ತಿರುವಾಗಲೇ ಟವೆಲ್‌ಗಳ ಸರಪಳಿ ಹಿಡಿದು ಸಂಕ್ರಾಂತಿ, ದೀಪಾವಳಿ, ದಸರಾ ದಾಟಿ ಹಿಂದೆ ಹಿಂದೆ ಸರಿದು, ಶ್ರಾವಣದ ಮೊದಲ ಟವೆಲ್‌ಗೆ ಬಂದ.

"ಹೇಳಪಾ, ಯಾರಂತ?" ಎಂದ ಬಸವಂತರಾಯ.

ಹುಸೇನಪ್ಪ ದಾನೇಶ್ವರಿಯ ಹೆಸರು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪರದೆಯ ಮೇಲೆ ಎರಡು ಹೆಸರುಗಳು ಮೂಡಿದ್ದವು.

ಟವೆಲ್ ಹಾಕಿದವರು: ಹುಸೇನಪ್ಪ. ಯಾರಿಗಾಗಿ: ಪಂಪಾವತಿ.