ಕಳ್ಳನಿಗೆ ಬಗ್ಗದ ಡಬ್ಬ

ಗೇಟಿನ ಅಂಚೆ ಡಬ್ಬ ಮುರಿದು ಯಾರೋ ವಾರಪತ್ರಿಕೆ ಕದಿಯುತ್ತಲೇ ಇದ್ದರು. ರೋಸಿಹೋದ ಫಾಲಾಕ್ಷಯ್ಯ ದಪ್ಪ ತಗಡಿನಿಂದ, ಮುಚ್ಚಿದರೆ ತಾನೇ ಬೀಗ ಬೀಳುವ ಹೊಸ ಡಬ್ಬ ಮಾಡಿದರು. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಹಚ್ಚಿ, ಬೀಗದ ಕೈಯನ್ನು ಒಳಗಿಟ್ಟು ಹೂವೇರಿಸಿ, ಭಕ್ತಿಯಿಂದ ಬಾಗಿಲು ಮುಚ್ಚಿದರು.

ಹಬ್ಬ ಕಳೆದ ಮೇಲೆ ಅಂಚೆಯವನು ಫಾಲಾಕ್ಷಯ್ಯನವರ ಮಗಳ ಕೆಲಸದ ಸಂದರ್ಶನದ ಪತ್ರವನ್ನು ಅದರೊಳಗೆ ಹಾಕಿ ಹೋದ.

"ನನ್ನ ಗೆಳತಿಗೆ ನಾಳೇನೇ ಕರೆದಿದ್ದಾರೆ. ನನಗೆ ಯಾವಾಗ ಅಂತ ಅದರಲ್ಲೇ ಇರೋದು, ಅಪ್ಪಾ!"

ಸುತ್ತಿಗೆಯ ಏಟಿಗೂ ಡಬ್ಬ ಜಗ್ಗಲಿಲ್ಲ.

"ನೋಡಿದ್ಯಾ, ಎಷ್ಟು ಗಟ್ಟಿ!" ಎಂದರು ಫಾಲಾಕ್ಷಯ್ಯ, ಅಳುಮೋರೆಯಲ್ಲೇ.

"ನನ್ನ ಕೆಲಸ ಹೋದ್ಮೇಲೆ ಇನ್ನೊಂದ್ಸಲ ಪೂಜೆ ಮಾಡಿ!"

ಸದ್ದು ಕೇಳಿ ಪಕ್ಕದ ಮನೆಯ ವಾಮನರಾಯರು ಬಂದರು. "ಎಲ್ಲದಕ್ಕೂ ಸುತ್ತಿಗೆ ಯಾಕ್ರೀ? ಸರೀರಿ ಆಚೆ."

ಜುಬ್ಬದ ಜೇಬಿನಿಂದ ಕೊಡೆಯ ಕಡ್ಡಿಯೊಂದನ್ನು ತೆಗೆದು, ಕಾಗದ ಹಾಕುವ ಸಂದಿಯಲ್ಲಿ ತೂರಿಸಿ ಮೆಲ್ಲಗೆ ಎತ್ತಿದರು. ಬಾಗಿಲು ತೆರೆದುಕೊಂಡಿತು.

ಮಗಳು ಪತ್ರ ಒಡೆದು ಓದಿ ಕುಣಿದಳು. "ನಾಡಿದ್ದು, ಅಪ್ಪಾ! ನಾಡಿದ್ದು!"

ಫಾಲಾಕ್ಷಯ್ಯ ಎರಡೂ ಕೈ ಜೋಡಿಸಿದರು. "ರಾಯರೇ, ದೇವರ ಹಾಗೆ ಬಂದ್ರಿ."

ರಾಯರು ಡಬ್ಬದೊಳಗೆ ಇನ್ನೊಮ್ಮೆ ಕೈಯಾಡಿಸಿ ಕೇಳಿದರು: "ಈ ವಾರದ ಪತ್ರಿಕೆ ಇನ್ನೂ ಬಂದಿಲ್ವೇನ್ರೀ?"